ಇಂಜೆಕ್ಷನ್ ಇರುವ ಫ್ರೀಜರ್ ಕಂಪ್ರೆಸರ್: ಎರಡು ಮಳೆಗಾಲ ಓಡಿಸಿದ ಮೇಲೆ

ಕಂಪ್ರೆಸರ್ ಚೆನ್ನಾಗಿದೆ. ಆದರೆ ಅದು ಬದುಕಿರಲು ಬೇಕೇ ಬೇಕಾದ ಒಂದು ಪುಟ್ಟ ವಾಲ್ವ್ ಬಾಕ್ಸ್‌ನಲ್ಲಿ ಇರಲಿಲ್ಲ. ನನ್ನ ಸಿಟ್ಟೆಲ್ಲ ಅದರ ಮೇಲೆ.

ನಮ್ಮದು ಕೊಡಗಿನ ಗೋಣಿಕೊಪ್ಪದಲ್ಲಿ ಹಂದಿ ಮಾಂಸ ಮತ್ತು ಮೀನಿನ ಅಂಗಡಿ. ಹಿಂದಿನ ಕೋಣೆಯಲ್ಲಿ ಮೈನಸ್ 18 ಡಿಗ್ರಿಯ ವಾಕ್-ಇನ್ ಫ್ರೀಜರ್ ಇದೆ. ತ್ರೀ ಫೇಸ್, ಆರ್-404ಎ ಗ್ಯಾಸ್, ಎರಡು ಸುರುಳಿಗಳ ನಡುವೆ ಗ್ಯಾಸನ್ನು ಒತ್ತುವ ಸ್ಕ್ರೋಲ್ ಕಂಪ್ರೆಸರ್. ಹಳೆಯದು ಮದುವೆ ಸೀಸನ್ ನಡುವೆ ಕೈಕೊಟ್ಟಿತು. ಮೊದಲು ಬಂದ ಮೆಕ್ಯಾನಿಕ್, "ಇಂಜೆಕ್ಷನ್ ಇಲ್ಲದ್ದು ಕಡಿಮೆಗೆ ಸಿಗುತ್ತೆ ಅಣ್ಣಾ, ಆ ಸಣ್ಣ ಲೈನ್ ಮುಚ್ಚಿಬಿಡೋಣ" ಅಂದರು. ನಾನು ಒಪ್ಪಲಿಲ್ಲ.

ಯಾಕೆಂದರೆ ಆ ಸಣ್ಣ ಲೈನೇ ಇಲ್ಲಿ ಮುಖ್ಯ. ಮೈನಸ್ 18 ಬೇಕೆಂದರೆ ಒಳಗಿನ ಕಾಯಿಲ್ ಮೈನಸ್ 25ರ ಆಸುಪಾಸಿಗೆ ಇಳಿಯಬೇಕು. ಆಗ ಕಂಪ್ರೆಸರ್‌ಗೆ ವಾಪಸ್ ಬರುವ ಗ್ಯಾಸ್‌ನ ಒತ್ತಡ ತೀರಾ ಕಡಿಮೆ. ಅದನ್ನು ಏಳೆಂಟು ಪಟ್ಟು ಒತ್ತಿ ಹೊರಗೆ ಕಳಿಸಬೇಕು. ಅಷ್ಟು ಒತ್ತಿದರೆ ಗ್ಯಾಸ್ ವಿಪರೀತ ಕಾಯುತ್ತದೆ, ಆಯಿಲ್ ಕರಕಲಾಗುತ್ತದೆ. ಅದಕ್ಕೇ ಬಿಸಿ ಗ್ಯಾಸನ್ನು ತಣಿಸಿ ದ್ರವ ಮಾಡುವ ಕಂಡೆನ್ಸರ್‌ನಿಂದ ಬರುವ ದ್ರವದಲ್ಲಿ ಸ್ವಲ್ಪವನ್ನು ಬೇರೆ ಕೊಳವೆಯಲ್ಲಿ ತಂದು, ಸ್ಕ್ರೋಲ್‌ನಲ್ಲಿ ಗ್ಯಾಸ್ ಅರ್ಧ ಒತ್ತಿರುವ ಜಾಗಕ್ಕೆ ಬಿಡುತ್ತಾರೆ. ಇದೇ ಇಂಜೆಕ್ಷನ್. ದ್ರವ ಅಲ್ಲೇ ಆವಿಯಾಗಿ ಬಿಸಿಯನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ತಲೆ ಬಿಸಿಯಾದಾಗ ಈ ದಾರಿ ತೆರೆಯುವುದೇ ಆ ವಾಲ್ವ್.

ಅಂಥ ವಾಲ್ವನ್ನು "ಅದು ಬೇರೆ ಪಾರ್ಟ್ ಸಾರ್, ಆರ್ಡರ್ ಹಾಕಬೇಕು" ಅಂತ ಡೀಲರ್ ಹೇಳಿದಾಗ ಹೇಗಾಗಬೇಡ? ಕಂಪ್ರೆಸರ್ ಅಂಗಡಿಯಲ್ಲಿ, ಮಾಂಸ ಪರಿಚಯದವರ ಫ್ರೀಜರ್‌ನಲ್ಲಿ, ನಾವು ಫೋನ್ ಹಿಡಿದು ಕಾಯುತ್ತಾ ಕೂತಿದ್ದೆವು. ಹಳೇ ವಾಲ್ವನ್ನೇ ಹಾಕಿ ಅಂತಲೂ ಸಲಹೆ ಬಂತು. ಅದನ್ನು ಬಿಚ್ಚಿ ನೋಡಿದರೆ ಜಾಲರಿ ತುಂಬ ಕರಿ ಮಸಿ. ಹಿಂದೆ ಯಾರೋ ಕೊಳವೆಯೊಳಗೆ ನೈಟ್ರೋಜನ್ ಬಿಡದೆ ತಾಮ್ರಕ್ಕೆ ಬೆಸುಗೆ ಹಾಕಿದ್ದರ ಫಲ ಅದು. ಕೊಳವೆಯ ಒಳಮೈಯಿಂದ ಕಿತ್ತುಬಂದ ಮಸಿ ಅಲ್ಲಿ ಕಟ್ಟಿಕೊಂಡು, ಇಂಜೆಕ್ಷನ್ ನಿಂತು, ಹಳೇ ಕಂಪ್ರೆಸರ್ ಒಳಗೊಳಗೇ ಬೆಂದುಹೋಗಿತ್ತು.

ಎರಡನೇ ಮೆಕ್ಯಾನಿಕ್ ಕೆಲಸ ನೋಡಿ ನನ್ನ ಸಿಟ್ಟು ಇಳಿಯಿತು. ನೈಟ್ರೋಜನ್ ಬಿಟ್ಟುಕೊಂಡೇ ಬೆಸುಗೆ, ತೇವ ಹೀರುವ ಹೊಸ ಡ್ರೈಯರ್, ಆಮೇಲೆ ಒಳಗಿನ ಗಾಳಿಯನ್ನೆಲ್ಲ ಎಳೆದು 500 ಮೈಕ್ರಾನ್ ಒತ್ತಡದವರೆಗೆ ವ್ಯಾಕ್ಯೂಮ್. ಕಂಪ್ರೆಸರ್‌ನ ರಬ್ಬರ್ ಮುಚ್ಚಳವನ್ನು ಕೊನೇ ಗಳಿಗೆಯವರೆಗೂ ತೆಗೆಯಲಿಲ್ಲ. ಈ ಗ್ಯಾಸಿಗೆ ಹಾಕುವ ಪಿಒಇ ಆಯಿಲ್ ಗಾಳಿಯ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ನಮ್ಮ ಕಕ್ಕಡ ತಿಂಗಳ ಜಡಿಮಳೆಯ ಗಾಳಿಯಲ್ಲಿ ಉಪ್ಪೇ ನೀರಾಗುತ್ತದೆ, ಇನ್ನು ಆಯಿಲ್ ಕೇಳಬೇಕಾ? ಆಗುವುದಾದರೆ ಈ ಕೆಲಸವನ್ನು ಮಳೆಗಾಲದಲ್ಲಿ ಮಾಡಿಸಲೇಬೇಡಿ.

ಈಗ ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ನಾನು ಹೋಗುವುದು ಹಿಂದಿನ ಕೋಣೆಗೆ. ಮೊದಲು ಟಾರ್ಚ್ ಹಿಡಿದು ಸೈಟ್ ಗ್ಲಾಸ್, ಅಂದರೆ ದ್ರವ ಹರಿಯುವುದು ಕಾಣುವ ಗಾಜಿನ ಕಿಂಡಿ ನೋಡುತ್ತೇನೆ. ಗುಳ್ಳೆ ಇರಬಾರದು, ತೇವ ತೋರಿಸುವ ನಡುವಿನ ಚುಕ್ಕೆ ಹಸಿರಾಗಿರಬೇಕು. ಆಮೇಲೆ ಇಂಜೆಕ್ಷನ್ ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿಯುತ್ತೇನೆ. ವಾಲ್ವ್‌ವರೆಗೆ ಉಗುರುಬೆಚ್ಚಗೆ, ವಾಲ್ವ್ ದಾಟಿದ ಕೂಡಲೇ ತಣ್ಣಗೆ. ಆ ತಣ್ಣಗಿನ ಒಂದು ಗೇಣು ಕೊಳವೆ ಬೆರಳಿಗೆ ತಾಗಿದರೆ ನನಗೆ ನಿಜವಾಗಿ ಖುಷಿ. ಡಿಸೆಂಬರ್ ಚಳಿಯಲ್ಲಿ ವಾಲ್ವ್ ಕೆಲವೊಮ್ಮೆ ತೆರೆಯುವುದೇ ಇಲ್ಲ, ಅದಕ್ಕೆ ಹೆದರಬೇಕಿಲ್ಲ. ಕಂಪ್ರೆಸರ್‌ನಿಂದ ಬಿಸಿ ಗ್ಯಾಸ್ ಹೊರಡುವ ಡಿಸ್ಚಾರ್ಜ್ ಪೈಪ್ ಮಾತ್ರ ಮುಟ್ಟಬೇಡಿ, ಕೈ ಸುಡುತ್ತದೆ. ಅದಕ್ಕೆ ಕ್ಲಾಂಪ್ ಥರ್ಮಾಮೀಟರ್ ಇಟ್ಟುಕೊಳ್ಳಿ. ಕಂಪ್ರೆಸರ್‌ನಿಂದ 6 ಇಂಚು ದೂರದಲ್ಲಿ 107 ಡಿಗ್ರಿ ಮೀರದಂತೆ ನೋಡಿಕೊಳ್ಳಿ ಅನ್ನುವುದು ಮೆಕ್ಯಾನಿಕ್‌ಗಳ ಲೆಕ್ಕ.

ಕೊಡಗಿನವರಿಗೆ ಇನ್ನೊಂದು ಮಾತು. ಸ್ಕ್ರೋಲ್ ಒಂದೇ ದಿಕ್ಕಿಗೆ ತಿರುಗಬೇಕು. ಮಳೆಗೆ ಮರ ಬಿದ್ದು ಲೈನ್ ಹರಿಯುವುದು ನಮ್ಮಲ್ಲಿ ಹೊಸದಲ್ಲ. ಮತ್ತೆ ಜೋಡಿಸುವಾಗ ಎರಡು ಫೇಸ್ ಅದಲುಬದಲಾದರೆ ಅದು ಉಲ್ಟಾ ತಿರುಗುತ್ತದೆ. ಜೋರು ಸದ್ದು ಮಾಡುತ್ತದೆಯೇ ಹೊರತು ತಣ್ಣಗೆ ಮಾಡುವುದಿಲ್ಲ. ಹಾಗೇ ಬಿಟ್ಟರೆ ಕೆಡುತ್ತದೆ. ಮೊದಲ ಮಳೆಗಾಲದಲ್ಲೇ ನಮಗೆ ಹೀಗಾಯಿತು. ಫೇಸ್ ತಪ್ಪಿದರೆ ಕರೆಂಟ್ ತಡೆಯುವ ಫೇಸ್ ಸೀಕ್ವೆನ್ಸ್ ರಿಲೇ ಹಾಕಿಸಿದ್ದರಿಂದ ಕಂಪ್ರೆಸರ್ ಸ್ಟಾರ್ಟೇ ಆಗಲಿಲ್ಲ, ಉಳಿಯಿತು. ಕಂಪ್ರೆಸರ್ ಬೆಲೆಯ ಮುಂದೆ ಆ ರಿಲೇ ಬೆಲೆ ಏನೂ ಅಲ್ಲ.

ಸದ್ದು ಹಳೆಯದಕ್ಕಿಂತ ಕಡಿಮೆ. ನಿಲ್ಲುವಾಗ ಒಂದು ಕ್ಷಣ ಗರಗರ ಅನ್ನುತ್ತದೆ, ಸ್ಕ್ರೋಲ್‌ಗೆ ಅದು ಸಹಜ. ಕೈಲ್‌ಪೊಳ್ದ್ ಹಬ್ಬದ ಹಿಂದಿನ ವಾರ ಬಾಗಿಲು ಮುಚ್ಚಲು ಪುರಸೊತ್ತೇ ಇರುವುದಿಲ್ಲ, ಆಗಲೂ ಟ್ರಿಪ್ ಆಗಿಲ್ಲ.

ಐಸ್‌ಕ್ರೀಮ್ ಇಡುವ ಸಣ್ಣ ಪೆಟ್ಟಿಗೆ ಫ್ರೀಜರ್‌ಗೆ ಇದೆಲ್ಲ ಬೇಡ, ಸುಮ್ನೆ ಖರ್ಚು. ವಾಕ್-ಇನ್ ಇದ್ದವರು ಮಾತ್ರ ಕಡಿಮೆ ಬೆಲೆಗೆ ಮಾರುಹೋಗಬೇಡಿ. ಮುಂಗಡ ಕೊಡುವ ಮೊದಲೇ ಇಂಜೆಕ್ಷನ್ ವಾಲ್ವ್, ಡ್ರೈಯರ್, ರಿಲೇ ಮೂರನ್ನೂ ಬಿಲ್‌ನಲ್ಲಿ ಬರೆಸಿಕೊಳ್ಳಿ. ವಾಲ್ವ್ ಕೈಗೆ ಬರುವವರೆಗೆ ಹಳೇ ಕಂಪ್ರೆಸರ್ ಬಿಚ್ಚಲು ಬಿಡಬೇಡಿ.