ದಂಡ 1 ಪಾಲು, ಖರ್ಚು 14 ಪಾಲು: ಕುಡಿದು ಕಾರು ಓಡಿಸಿದ ಪ್ರಕರಣದಲ್ಲಿ ನಾವು ಪಡೆದ ವಕೀಲರ ಸೇವೆ

ನನ್ನ ತಮ್ಮ ಕಳೆದ ವರ್ಷ ಕುಡಿದು ಕಾರು ಓಡಿಸಿ ರಾತ್ರಿ ತಪಾಸಣೆಯಲ್ಲಿ ಸಿಕ್ಕಿಬಿದ್ದ. ಯಾರಿಗೂ ಪೆಟ್ಟಾಗಲಿಲ್ಲ ಎಂಬುದಕ್ಕೆ ನಮ್ಮ ಮನೆಯವರು ಇಂದಿಗೂ ಕೃತಜ್ಞರಾಗಿದ್ದೇವೆ. ತಪ್ಪು ಅವನದೇ ಎಂಬುದರಲ್ಲಿ ಅವನಿಗಾಗಲಿ ನಮಗಾಗಲಿ ಸಂಶಯವಿಲ್ಲ. ಅದನ್ನು ಸಣ್ಣದು ಮಾಡುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ಆ ಪ್ರಕರಣ ಮುಗಿಯುವವರೆಗೆ ನಮ್ಮ ಜೊತೆಗಿದ್ದ ವಕೀಲರ ಕಚೇರಿಯೊಂದರ ಸೇವೆ ಹೇಗಿತ್ತು, ಅದಕ್ಕೆ ಕೊಟ್ಟ ಹಣ ಸಾರ್ಥಕವಾಯಿತೇ ಎಂಬುದನ್ನು, ಇದೇ ಸ್ಥಿತಿಯಲ್ಲಿ ಕಂಗಾಲಾಗಿ ಕುಳಿತಿರುವ ಯಾವುದಾದರೂ ಮನೆಗೆ ಉಪಯೋಗವಾದೀತೆಂದು ವಿವರವಾಗಿ ತಿಳಿಸುತ್ತಿದ್ದೇನೆ.

ಲೆಕ್ಕ ಬರೆಯುವುದು ನನ್ನ ವೃತ್ತಿಯಾದ್ದರಿಂದ ಮೊದಲ ದಿನದಿಂದಲೇ ಪ್ರತಿಯೊಂದು ರಸೀದಿಯನ್ನೂ ಒಂದು ಪುಸ್ತಕದಲ್ಲಿ ಅಂಟಿಸುತ್ತ ಬಂದೆ. ದಂಡದ ಮೊತ್ತವಾಗಲಿ ವಕೀಲರ ಫೀಸಾಗಲಿ ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ನಮ್ಮ ಮೊತ್ತಗಳನ್ನು ಇಲ್ಲಿ ಕೊಟ್ಟರೆ ಓದುವವರಿಗೆ ಹೆಚ್ಚಿನ ಪ್ರಯೋಜನವಿಲ್ಲ. ಆದ್ದರಿಂದ ನ್ಯಾಯಾಲಯ ಹಾಕಿದ ದಂಡವನ್ನು 1 ಪಾಲು ಎಂದು ಇಟ್ಟುಕೊಂಡು, ಉಳಿದೆಲ್ಲ ಖರ್ಚನ್ನೂ ಅದರ ಅಳತೆಯಲ್ಲೇ ಹೇಳುತ್ತೇನೆ.

ಈ ಕಚೇರಿಗೆ ಹೋಗುವ ಮೊದಲು ನಾವು ಇನ್ನೊಂದು ಕಡೆ ವಿಚಾರಿಸಿದ್ದೆವು. ಅಲ್ಲಿಯವರು ಕಾಗದಪತ್ರಗಳನ್ನು ತೆರೆದೂ ನೋಡದೆ "ಬಿಡಿಸಿಕೊಡೋಣ, ಯೋಚನೆ ಮಾಡಬೇಡಿ" ಎಂದು ಹೇಳಿ, ಪೂರ್ತಿ ಹಣವನ್ನು ಮುಂಗಡವಾಗಿ, ಅದೂ ರಸೀದಿಯಿಲ್ಲದೆ, ಕೇಳಿದರು. ಆ ಭರವಸೆ ಕೇಳಿ ನನ್ನ ತಮ್ಮನ ಮುಖದಲ್ಲಿ ಬಂದ ಕಳೆಯನ್ನು ನೋಡಿದಾಗ, ಹೆದರಿದವರಿಗೆ ಇಂಥ ಮಾತು ಎಷ್ಟು ಬೇಗ ನಾಟುತ್ತದೆ ಎಂಬುದು ನನಗೆ ಅರ್ಥವಾಯಿತು. ರಸೀದಿ ಕೊಡದವರ ಬಳಿ ವ್ಯವಹಾರ ಬೇಡವೆಂದು ನಾನೇ ಹಟ ಹಿಡಿದು ಅವನನ್ನು ಅಲ್ಲಿಂದ ಎಬ್ಬಿಸಿಕೊಂಡು ಬಂದೆ.

ನಾವು ಕೊನೆಗೆ ಆರಿಸಿಕೊಂಡ ವಕೀಲರು ವಯಸ್ಸಾದ ಮಹಿಳೆ. ಮೊದಲ ಭೇಟಿಯಲ್ಲಿ ಅವರು ಮಾಡಿದ ಒಂದು ಕೆಲಸಕ್ಕಾಗಿಯೇ ಈ ಸೇವೆಯನ್ನು ನಾನು ಹೊಗಳಬೇಕು. ಒಂದು ಬಿಳಿ ಹಾಳೆ ತೆಗೆದು, ಸ್ಕೇಲ್ ಇಟ್ಟು ನಡುವೆ ಗೆರೆ ಎಳೆದರು. ಎಡಗಡೆ "ನ್ಯಾಯಾಲಯಕ್ಕೆ" ಎಂದೂ ಬಲಗಡೆ "ಉಳಿದವರಿಗೆ" ಎಂದೂ ಬರೆದರು. ಎಡಗಡೆ ಬಂದದ್ದು ಎರಡೇ ಸಾಲು: ದಂಡ ಮತ್ತು ನ್ಯಾಯಾಲಯದ ವೆಚ್ಚ. ಬಲಗಡೆಯ ಸಾಲುಗಳು ಹಾಳೆಯ ಬುಡ ಮುಟ್ಟಿ, ಹಾಳೆ ತಿರುಗಿಸಿ ಹಿಂಬದಿಯಲ್ಲೂ ಬರೆಯಬೇಕಾಯಿತು. ತಮ್ಮ ಸ್ವಂತ ಫೀಸನ್ನೂ ಅದೇ ಬಲಗಡೆಯ ಪಟ್ಟಿಯಲ್ಲಿ, ಎಲ್ಲಕ್ಕಿಂತ ಮೇಲೆ ಬರೆದರು. "ನಿಮ್ಮ ತಮ್ಮ ದಂಡಕ್ಕೆ ಹೆದರುತ್ತಿದ್ದಾರೆ. ಹೆದರಬೇಕಾದದ್ದು ಈ ಕಡೆಯದಕ್ಕೆ" ಎಂದು ಪೆನ್ನಿನ ತುದಿಯಿಂದ ಬಲಗಡೆ ತೋರಿಸಿದರು. ಒಟ್ಟು ಸುಮಾರು 12 ಪಾಲು ಆಗಬಹುದೆಂದು ಕೆಳಗೆ ಬರೆದು, ಸಹಿ ಹಾಕಿ, ಅದರ ಒಂದು ಪ್ರತಿಯನ್ನು ನಮ್ಮ ಕೈಗೆ ಕೊಟ್ಟರು.

ಆ ಪಟ್ಟಿಯಲ್ಲಿ ನಾವು ಊಹಿಸದೇ ಇದ್ದ ಮೊದಲ ಬಾಬ್ತು ಕಾರನ್ನು ಎಳೆದೊಯ್ದು ಇಟ್ಟುಕೊಂಡದ್ದರ ಬಾಡಿಗೆ. ಕಾರನ್ನು ಆ ರಾತ್ರಿಯೇ ಯಾರ್ಡಿಗೆ ಸಾಗಿಸಿದ್ದರು. ಎಳೆದೊಯ್ದದ್ದಕ್ಕೆ ಒಂದು ಮೊತ್ತ, ಆಮೇಲೆ ದಿನಕ್ಕಿಷ್ಟು ಎಂದು ನಿಲುಗಡೆಯ ಬಾಡಿಗೆ. ವಿಮೆಯ ಮೂಲ ಪ್ರತಿ ಸಿಗದೆ ನಾವು ಓಡಾಡುತ್ತಿದ್ದಾಗ 9 ದಿನ ಕಳೆದುಹೋಗಿತ್ತು. ಯಾರ್ಡಿನವರು ಕೊಟ್ಟ ತೆಳುವಾದ ಹಳದಿ ರಸೀದಿ ಈಗಲೂ ನನ್ನ ಪುಸ್ತಕದಲ್ಲಿದೆ: ಒಂದರ ಕೆಳಗೊಂದು 9 ತಾರೀಕುಗಳು, ಪ್ರತಿಯೊಂದರ ಎದುರಿಗೂ ಅದೇ ಮೊತ್ತ, ಕೊನೆಯಲ್ಲಿ ನೀಲಿ ಮೊಹರು. ಒಟ್ಟು ಮುಕ್ಕಾಲು ಪಾಲು. ಕಾಗದಪತ್ರಗಳು ಒಂದೇ ಕಡೆ ಇದ್ದಿದ್ದರೆ ಇದರಲ್ಲಿ ಹೆಚ್ಚಿನದು ಉಳಿಯುತ್ತಿತ್ತು. ವಕೀಲರು ಮೊದಲ ಭೇಟಿಯ ಮರುದಿನವೇ ತಮ್ಮ ಗುಮಾಸ್ತರನ್ನು ಜೊತೆಗೆ ಕಳಿಸಿ ಕಾರು ಬಿಡಿಸಿಕೊಟ್ಟರು. ಅದಕ್ಕೆ ಬೇರೆ ಫೀಸು ಕೇಳಲಿಲ್ಲ.

ಅವರ ಫೀಸು ನಮಗೆ 4 ಪಾಲು ಬಿತ್ತು. ತಪ್ಪೊಪ್ಪಿಕೊಂಡರೆ ಇಷ್ಟು, ವಿಚಾರಣೆಗೆ ಹೋದರೆ ಇಷ್ಟು, ಮೇಲ್ಮನವಿಗೆ ಇಷ್ಟು ಎಂದು ಹಂತಹಂತವಾಗಿ ಬರೆದು ಕೊಟ್ಟಿದ್ದರು. ಪೂರ್ತಿ ವಿಚಾರಣೆಯ ಫೀಸು ಇದರ ಮೂರು ಪಟ್ಟಿನ ಹತ್ತಿರವಿತ್ತು. ಈ ಸೇವೆಯ ಬೆಲೆ ನನಗೆ ತಿಳಿದದ್ದು ಇಲ್ಲೇ.

ನನ್ನ ತಮ್ಮ ಹೋರಾಡಬೇಕೆಂದು ಪಟ್ಟು ಹಿಡಿದಿದ್ದ. ಉಸಿರಿನ ಯಂತ್ರ ತಪ್ಪು ತೋರಿಸಿರಬಹುದೆಂದು ಯಾರೋ ಅವನ ತಲೆಯಲ್ಲಿ ತುಂಬಿದ್ದರು. ವಕೀಲರು ಅವನನ್ನು ಗದರಿಸಲಿಲ್ಲ. ಆ ಯಂತ್ರದ ಕೆಲಸವನ್ನು ಎದುರಿಗೆ ಕೂರಿಸಿಕೊಂಡು ವಿವರಿಸಿದರು. ಯಂತ್ರ ಅಳೆಯುವುದು ಉಸಿರಿನಲ್ಲಿರುವ ಮದ್ಯಸಾರವನ್ನು; 2100 ಮಿಲಿಲೀಟರ್ ಉಸಿರಿನಲ್ಲಿರುವಷ್ಟು ಮದ್ಯಸಾರ 1 ಮಿಲಿಲೀಟರ್ ರಕ್ತದಲ್ಲಿ ಇರುತ್ತದೆ ಎಂಬ ಲೆಕ್ಕದ ಮೇಲೆ ಅನೇಕ ದೇಶಗಳಲ್ಲಿ ರಕ್ತದ ಪ್ರಮಾಣವನ್ನು ಹೇಳುತ್ತಾರೆ, ಬ್ರಿಟನ್ನಿನಲ್ಲಿ ಇದೇ ಅನುಪಾತವನ್ನು 2300 ಎಂದು ಹಿಡಿದಿದ್ದಾರೆ. ವ್ಯಕ್ತಿಯಿಂದ ವ್ಯಕ್ತಿಗೆ ಇದು ಸ್ವಲ್ಪ ಬದಲಾಗುವುದರಿಂದ ಅಂಚಿನಲ್ಲಿರುವ ಪ್ರಕರಣಗಳಲ್ಲಿ ವಾದಕ್ಕೆ ಜಾಗವಿದೆ. ಬಾಯಲ್ಲೇ ಉಳಿದ ಮದ್ಯ ಅಳತೆಯನ್ನು ಕೆಡಿಸುತ್ತದೆ ಎಂಬ ಕಾರಣಕ್ಕೆ ಪರೀಕ್ಷೆಗೆ ಮೊದಲು ಸುಮಾರು 15 ನಿಮಿಷ ವ್ಯಕ್ತಿಯನ್ನು ಗಮನದಲ್ಲಿಟ್ಟು ಕಾಯುವ ಪದ್ಧತಿಯಿದೆ. ಅದು ತಪ್ಪಿದ್ದರೂ ವಾದವಿದೆ. ಯಂತ್ರವನ್ನು ಕಾಲಕಾಲಕ್ಕೆ ಕ್ಯಾಲಿಬ್ರೇಟ್ ಮಾಡಿದ, ಅಂದರೆ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸಿ ಸರಿಪಡಿಸಿದ, ದಾಖಲೆ ಇಲ್ಲದಿದ್ದರೂ ವಾದವಿದೆ.

ಇಷ್ಟು ಹೇಳಿ ಅವರು ನಮ್ಮ ಪ್ರಕರಣದ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಕ್ಯಾಲಿಬ್ರೇಷನ್ ಪ್ರಮಾಣಪತ್ರದ ಅವಧಿ ಮುಗಿದಿರಲಿಲ್ಲ, ಕಾದ ಸಮಯ ನಮೂದಾಗಿತ್ತು, ಎರಡು ಬಾರಿ ಊದಿಸಿ ತೆಗೆದ ಅಳತೆಗಳು ಹೆಚ್ಚುಕಡಿಮೆ ಒಂದೇ ಆಗಿದ್ದವು, ಎರಡೂ ಮಿತಿಗಿಂತ ಬಹಳ ಮೇಲಿದ್ದವು. "ವಿಚಾರಣೆಗೆ ಹೋದರೆ ನನಗೆ ಲಾಭ, ನಿಮಗೆ ನಷ್ಟ" ಎಂದು ಅವರು ನೇರವಾಗಿ ಹೇಳಿದಾಗ ನನ್ನ ತಮ್ಮ ಬಹಳ ಹೊತ್ತು ತಲೆ ತಗ್ಗಿಸಿಕೊಂಡು ಕುಳಿತಿದ್ದ. ನಂತರ ತಪ್ಪೊಪ್ಪಿಕೊಳ್ಳುವುದಕ್ಕೆ ಒಪ್ಪಿದ. ತನಗೆ ಬರಬಹುದಾಗಿದ್ದ ದೊಡ್ಡ ಫೀಸನ್ನು ಬಿಟ್ಟುಕೊಟ್ಟು ಕಕ್ಷಿದಾರನ ಹಣ ಉಳಿಸಿದ ವಕೀಲರ ಬಗ್ಗೆ ನನಗಿರುವ ಗೌರವವನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಹಾಗೆಂದು ಎಲ್ಲವೂ ಸರಿಯಿತ್ತು ಎಂದಲ್ಲ. ಈ ದಾಖಲೆಗಳನ್ನು ಪರಿಶೀಲಿಸಲು ಕಚೇರಿಯವರು ಹೊರಗಿನ ತಜ್ಞರೊಬ್ಬರ ಅಭಿಪ್ರಾಯ ತರಿಸಿದ್ದರು. ಅದರ ಬಿಲ್ಲು ನಮ್ಮ ಕೈಗೆ ಬಂದ ಮೇಲೆಯೇ ನಮಗೆ ಗೊತ್ತಾದದ್ದು, ಅರ್ಧ ಪಾಲು. ಅಭಿಪ್ರಾಯ ಬೇಕಾಗಿತ್ತು ಎಂಬುದನ್ನು ನಾನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಮೊದಲೇ ಬರೆದು ಕೊಟ್ಟವರು ಇದೊಂದನ್ನು ಕೇಳದೆ ಮಾಡಬಾರದಿತ್ತು. ಎರಡನೆಯ ಕೊರತೆ ಇದಕ್ಕಿಂತ ದೊಡ್ಡದು. ವಾಯಿದೆಗಳು ಮುಂದೆ ಹೋಗುತ್ತವೆ ಎಂದು ಅವರು ಬಾಯಲ್ಲಿ ಹೇಳಿದ್ದರೇ ಹೊರತು ಅದರಿಂದಾಗುವ ಸಂಬಳದ ನಷ್ಟವನ್ನು ಹಾಳೆಯಲ್ಲಿ ತೋರಿಸಿರಲಿಲ್ಲ. ಒಂದು ದಿನ ಅಧಿಕಾರಿ ಬರಲಿಲ್ಲ, ಇನ್ನೊಂದು ದಿನ ಕಡತ ಸಿಗಲಿಲ್ಲ, ಮತ್ತೊಂದು ದಿನ ಸರದಿ ಬರುವಷ್ಟರಲ್ಲಿ ಹೊತ್ತು ಮೀರಿತು. ಪ್ರತಿ ಸಲವೂ ನನ್ನ ತಮ್ಮ ಸಂಬಳವಿಲ್ಲದ ರಜೆ ಹಾಕಬೇಕಾಯಿತು, ಅದು ಒಟ್ಟು ಒಂದೂವರೆ ಪಾಲಾಯಿತು. 12 ಪಾಲಿನ ಅಂದಾಜು 14ಕ್ಕೆ ಏರಿದ್ದು ಈ ಎರಡು ಬಾಬ್ತುಗಳಿಂದಲೇ.

ಲೈಸೆನ್ಸ್ ಅಮಾನತಾದ ತಿಂಗಳುಗಳ ಓಡಾಟದ ಖರ್ಚು 3 ಪಾಲು. ರಾತ್ರಿ ಪಾಳಿ ಮುಗಿಸಿ ಬರುವವನಿಗೆ ಬಾಡಿಗೆ ವಾಹನವೇ ಗತಿಯಾಯಿತು, ಕಾರಿನ ಸಾಲದ ಕಂತು ಮಾತ್ರ ನಿಲ್ಲದೆ ಹೋಗುತ್ತಲೇ ಇತ್ತು. (ಆ ಕಂತನ್ನು ನಾನು ಈ ಲೆಕ್ಕಕ್ಕೆ ಸೇರಿಸಿಲ್ಲ, ಓಡದ ಕಾರಿಗೆ ಕಟ್ಟಿದ ಹಣವೆಂದು ಸೇರಿಸುವುದೇ ನ್ಯಾಯ ಎಂದು ನನ್ನ ತಮ್ಮ ವಾದಿಸುತ್ತಾನೆ.) ಕಡ್ಡಾಯ ತರಗತಿ ಮತ್ತು ಲೈಸೆನ್ಸನ್ನು ಮರಳಿ ಪಡೆಯುವ ಶುಲ್ಕ ಸೇರಿ ಅರ್ಧ ಪಾಲು, ನ್ಯಾಯಾಲಯದ ವೆಚ್ಚ ಕಾಲು ಪಾಲು.

ವಿಮೆಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಜನ ಇದನ್ನು ಕಡೆಗಣಿಸುತ್ತಾರೆ. ಶಿಕ್ಷೆಯಾದ ಚಾಲಕನಿಂದ ವಿಮಾ ಕಂಪನಿಗಳು ಮುಂದಿನ ಕೆಲವು ವರ್ಷ ಹೆಚ್ಚಿನ ಕಂತು ಕೇಳುವುದು ಬಹಳಷ್ಟು ದೇಶಗಳಲ್ಲಿ ಇರುವ ಪದ್ಧತಿ. ನಮ್ಮ ವಕೀಲರು 3 ವರ್ಷದ ಹೆಚ್ಚುವರಿಯನ್ನು ಲೆಕ್ಕ ಹಾಕಿ ಎರಡೂವರೆ ಪಾಲು ಎಂದು ಬರೆದಿದ್ದರು. ಮೊದಲ ವರ್ಷದ ಕಂತು ಅವರ ಅಂದಾಜಿಗೆ ಸರಿಯಾಗಿಯೇ ಬಂದಿದೆ. ಅಪಘಾತವಾಗಿದ್ದರೆ ಇದು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನೂ ಅವರು ವಿವರಿಸಿದರು. ಕುಡಿದು ಓಡಿಸಿದಾಗ ಸ್ವಂತ ವಾಹನಕ್ಕಾದ ಹಾನಿಯ ಕ್ಲೈಮನ್ನು ಕಂಪನಿಗಳು ಸಾಮಾನ್ಯವಾಗಿ ತಿರಸ್ಕರಿಸುತ್ತವೆ. ಪೆಟ್ಟು ತಿಂದ ಮೂರನೆಯವರಿಗೆ ಕಂಪನಿ ಪರಿಹಾರ ಕೊಟ್ಟರೂ ಆ ಹಣವನ್ನು ವಾಹನದ ಮಾಲೀಕನಿಂದ ವಸೂಲು ಮಾಡಲು ಅನೇಕ ಕಡೆ ಕಾನೂನು ಅವಕಾಶ ಕೊಡುತ್ತದೆ. ಅಂದರೆ ಒಂದು ಮನೆ, ಒಂದು ಜಮೀನು ಮಾರಿದರೂ ತೀರದ ಸಾಲ. ಆ ಮಾತು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೇರೆ ದೇಶಗಳಲ್ಲಿರುವ ಬಂಧುಗಳಿಗಾಗಿ ಇದನ್ನು ಓದುವವರು ಎರಡು ಸಂಗತಿ ತಿಳಿದಿರಬೇಕು. ಫಿನ್ಲೆಂಡಿನಂಥ ದೇಶದಲ್ಲಿ ಇಂಥ ಅಪರಾಧದ ದಂಡವನ್ನು ಆದಾಯಕ್ಕೆ ತಕ್ಕಂತೆ ನಿಗದಿ ಮಾಡುತ್ತಾರೆ. ಅಲ್ಲಿ ದಂಡ ಚಿಕ್ಕ ಸಾಲಾಗಿ ಉಳಿಯಬೇಕೆಂದಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯ 2005ರಿಂದ, ಮೊದಲ ಸಲ ಶಿಕ್ಷೆಯಾದವರೂ ಸೇರಿದಂತೆ ಎಲ್ಲರ ಕಾರಿಗೂ ಇಗ್ನಿಷನ್ ಇಂಟರ್‌ಲಾಕ್ ಎಂಬ ಸಾಧನವನ್ನು ಕಡ್ಡಾಯ ಮಾಡಿದೆ. ಊದಿ ತೇರ್ಗಡೆಯಾಗದಿದ್ದರೆ ಎಂಜಿನ್ ಚಾಲೂ ಆಗುವುದಿಲ್ಲ, ಓಡಿಸುವಾಗ ನಡುನಡುವೆಯೂ ಊದಬೇಕು. ಅದನ್ನು ಅಳವಡಿಸುವ ಖರ್ಚು, ಬಾಡಿಗೆ, ಆಗಾಗ ಕ್ಯಾಲಿಬ್ರೇಷನ್ ಮಾಡಿಸುವ ಖರ್ಚು ಸಾಮಾನ್ಯವಾಗಿ ಚಾಲಕನ ಮೇಲೇ ಬೀಳುತ್ತದೆ. ಹಾಗಿರುವ ಕಡೆ ವಕೀಲರನ್ನು ನೋಡಲು ಹೋಗುವವರು ಈ ಬಾಬ್ತನ್ನು ತಾವಾಗಿಯೇ ಕೇಳಬೇಕು.

ನನ್ನ ತಮ್ಮ ಮರುದಿನ ಬೆಳಗ್ಗೆ ಓಡಿಸಿದ್ದರೂ ಸಿಕ್ಕಿಬೀಳುತ್ತಿದ್ದನೇನೋ ಎಂದು ವಕೀಲರು ಹೇಳಿದ್ದನ್ನು ಇಲ್ಲಿ ಸೇರಿಸುತ್ತೇನೆ, ಏಕೆಂದರೆ ನಿದ್ದೆ ಮಾಡಿ ಎದ್ದರೆ ಎಲ್ಲ ಇಳಿದಿರುತ್ತದೆ ಎಂದು ನಾನೂ ನಂಬಿದ್ದೆ. ದೇಹವು ಗಂಟೆಗೆ 100 ಮಿಲಿಲೀಟರ್ ರಕ್ತದಿಂದ ಸುಮಾರು 15 ಮಿಲಿಗ್ರಾಂ ಮದ್ಯಸಾರವನ್ನಷ್ಟೇ ಹೊರಹಾಕುತ್ತದೆ. 150 ಮಿಲಿಗ್ರಾಂ ಏರಿದವನಿಗೆ ಪೂರ್ತಿ ಇಳಿಯಲು 10 ಗಂಟೆ ಬೇಕು. ಕಾಫಿಯಾಗಲಿ ತಣ್ಣೀರಿನ ಸ್ನಾನವಾಗಲಿ ಆ ವೇಗವನ್ನು ಹೆಚ್ಚಿಸುವುದಿಲ್ಲ.

ಈ ಕಚೇರಿಯನ್ನು ನಾನು ಇನ್ನೊಬ್ಬರಿಗೆ ಸೂಚಿಸುತ್ತೇನೆಯೇ ಎಂದರೆ, ಸೂಚಿಸುತ್ತೇನೆ, ಈಗಾಗಲೇ ಒಬ್ಬರಿಗೆ ಸೂಚಿಸಿದ್ದೇನೆ. ಫೋನಿಗೆ ಉತ್ತರ ನಿಧಾನ, ಸಂಜೆಯ ಮೇಲೆ ಯಾರೂ ಸಿಗುವುದಿಲ್ಲ, ಹೊರಗಿನ ಖರ್ಚಿಗೆ ಮೊದಲೇ ಒಪ್ಪಿಗೆ ಪಡೆಯಬೇಕೆಂದು ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು. ಆರೋಪದಿಂದ ಹೇಗಾದರೂ ನುಣುಚಿಕೊಳ್ಳಬೇಕು ಎನ್ನುವವರಿಗೆ ಇದು ತಕ್ಕ ಜಾಗವಲ್ಲ. ಮುಂದೆ ಏನೇನು ಕಟ್ಟಬೇಕು, ಯಾವುದನ್ನು ಉಳಿಸಬಹುದು ಎಂದು ತಿಳಿದುಕೊಂಡು ಮನೆಯ ಹಣವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು ಎನ್ನುವವರಿಗೆ ತಕ್ಕದ್ದು.

ಪ್ರಕರಣ ಮುಗಿದು ಎರಡು ವಾರವಾದ ಮೇಲೆ ಗುಮಾಸ್ತರು ಕಡತವನ್ನು ಮನೆಗೇ ತಂದು ಕೊಟ್ಟರು. ಅದರೊಳಗೆ ಝೆರಾಕ್ಸ್, ಅಂಚೆ, ಅರ್ಜಿ ಶುಲ್ಕಗಳಿಗೆಂದು ನಾವು ಕೊಟ್ಟಿದ್ದ ಮುಂಗಡದ ಲೆಕ್ಕವಿತ್ತು, ಕೊನೆಯ ಸಾಲಿನಲ್ಲಿ "ಮರಳಿಸಬೇಕಾದ ಬಾಕಿ" ಎಂದು ಬರೆದು ಅಷ್ಟು ಹಣವನ್ನು ಲಕೋಟೆಯಲ್ಲಿ ಇಟ್ಟಿದ್ದರು. ನನ್ನ ಖಾತೆ ಪುಸ್ತಕದೊಡನೆ ತಾಳೆ ನೋಡಿದೆ. ಪೈಸೆಗೆ ಪೈಸೆ ಸರಿಯಿತ್ತು.