ತಲೆಬರಹ ಇಲ್ಲದ ಹಾಳೆಗೆ ಸಹಿ ಹಾಕ್ಬೇಡಿ: ಗಜನಿ ಬದಿಯವರಿಗೆ ಒಂದು ಎಚ್ಚರಿಕೆ

ಅಘನಾಶಿನಿ, ಶರಾವತಿ, ಕಾಳಿ ಹೊಳೆ ಬದಿಯಲ್ಲಿ ಗಜನಿ (ಉಪ್ಪುನೀರು ಹತ್ತೋ ಗದ್ದೆ) ಇರೋರು, ಕಾಂಡ್ಲಾ (ಮ್ಯಾಂಗ್ರೋವ್) ಪಕ್ಕ ಮನೆ ಇರೋರು, ಮನೆಯಲ್ಲಿ ಬಳಚು (ಚಿಪ್ಪುಮೀನು) ತೆಗೆಯೋ ಹೆಂಗಸರು ಇರೋರು ಇದನ್ನ ಪೂರ್ತಿ ಓದಿ. ಉದ್ದ ಇದೆ, ಎಂತ ಮಾಡೂದು, ಆದ ಕತೆಯೇ ಉದ್ದ. ಊರು, ಪಂಚಾಯ್ತಿ, ಆಫೀಸು ಯಾರ ಹೆಸರೂ ಹಾಕೂದಿಲ್ಲ, ಕೇಳ್ಬೇಡಿ, ಕುಮಟಾ ತಾಲೂಕು ಅಂತ ತಿಳ್ಕೊಂಡ್ರೆ ಸಾಕು.

ನಮ್ಮ ಗಜನಿಗೆ ತಾಗಿ ಇರೋದು ಬೇರೆಯವರ ಮಾಲ್ಕಿ, ಅಂದ್ರೆ ಖಾಸಗಿ ಜಾಗ. ಹಿಂದೆ ಅಲ್ಲೂ ಕಗ್ಗ ಭತ್ತ ಬೆಳೀತಿದ್ರು. ಆಮೇಲೆ ಒಡ್ಡು ಒಡೀತು, ಸಿಗಡಿ ಬಂತು, ಸಿಗಡಿಗೆ ರೋಗ ಬಂತು, ಕೊನೆಗೆ ಪಾಳು ಬಿತ್ತು, ನಮ್ಮ ಬದಿ ಎಲ್ಲಾ ಕಡೆ ಇರೋ ಕತೆಯೇ. ಪಾಳು ಬಿದ್ದಲ್ಲಿ ಕಾಂಡ್ಲಾ ತನ್ನಷ್ಟಕ್ಕೆ ಹುಟ್ಟಿ ಆಳೆತ್ತರ ಆಗಿತ್ತು. ಹೋದ ಮಳೆಗಾಲ ಮುಗೀತಿದ್ದ ಹಾಗೆ ರಾತ್ರಿ ಹೊತ್ತು ಟಿಪ್ಪರ್ ಬರೂಕೆ ಶುರು. ಗುಡ್ಡ ಕಡಿದ ಕೆಂಪು ಮಣ್ಣು, ಚಿರೇಕಲ್ಲಿನ ಚೂರು, ಎಲ್ಲಾ ತಂದು ಇಳಿತದ ಹೊತ್ತಲ್ಲಿ ಸುರಿಯೂದು, ಉಬ್ಬರ ಬರೋದ್ರೊಳಗೆ ಜೆಸಿಬಿ ಹಾಕಿ ತಟ್ಟೂದು. ಬೆಳಿಗ್ಗೆ ಹೋಗಿ ನೋಡಿದ್ರೆ ಕಾಂಡ್ಲಾದ ಉಸಿರಾಟದ ಬೇರು ಇರ್ತದಲ್ಲ, ಕೆಸರಿಂದ ಮೊಳೆ ಹೊಡೆದ ಹಾಗೆ ಮೇಲೆ ಎದ್ದಿರ್ತದೆ, ಅದರ ತುದಿ ಮಾತ್ರ ಕಾಣ್ತಿತ್ತು, ಮಾರನೇ ದಿನ ಅದೂ ಇಲ್ಲ. ಬೇರು ಮುಚ್ಚಿ ಹೋದ್ರೆ ಮರ ಕಡಿಯೂದೇ ಬೇಡ, ಉಸಿರು ಕಟ್ಟಿ ತಾನೇ ಸಾಯ್ತದೆ, ಆಮೇಲೆ "ನಾವು ಕಡೀಲೇ ಇಲ್ಲ, ಒಣಗಿ ಹೋಗಿದೆ" ಅಂದ್ರೆ ಮುಗೀತು. ಮಾಡಿಸಿದವರಿಗೆ ಇದು ಗೊತ್ತಿಲ್ಲದೆ ಮಾಡಿದ್ದಲ್ಲ ಹೇಳಿ ನನ್ನ ಖಾತ್ರಿ.

ನಮ್ಮೂರವರ ಧೈರ್ಯ ಎಂತ ಅಂದ್ರೆ, 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಯನ್ನ ರಾಮ್ಸಾರ್ ಅನ್ನೋ ಅಂತರರಾಷ್ಟ್ರೀಯ ಜೌಗು ಭೂಮಿ ಪಟ್ಟಿಗೆ ಸೇರಿಸಿದ್ರಲ್ಲ, 4801 ಹೆಕ್ಟೇರ್, ಪೇಪರಲ್ಲೆಲ್ಲಾ ಬಂತು, ಇನ್ನು ಯಾರೂ ಮುಟ್ಟೂಕಾಗೂದಿಲ್ಲ ಅಂತ. ತದಡಿ ಬದಿ ಅಷ್ಟು ದೊಡ್ಡ ಉಷ್ಣ ವಿದ್ಯುತ್ ಸ್ಥಾವರವೇ ವಾಪಸ್ ಹೋಗಿದೆ, ಇದು ಯಾವ ಲೆಕ್ಕ ಅಂತ. ನಾನೂ ಅರ್ಜಿಲಿ ದೊಡ್ಡದಾಗಿ ರಾಮ್ಸಾರ್, ಜೌಗು ಭೂಮಿ ಸಂರಕ್ಷಣಾ ನಿಯಮ 2017 ಅಂತ ಬರ್ದು ಪಂಚಾಯ್ತಿಗೆ, ತಾಲೂಕಿಗೆ ಕೊಟ್ಟೆ.

ಅಲ್ಲಿಂದ ಶುರು ಆಯ್ತು ನೋಡಿ ಚೆಂಡಾಟ. ಒಂದು ಕಡೆ ಹೇಳಿದ್ರು, ಪಹಣಿಲಿ ಗದ್ದೆ ಅಂತ ಇದೆ, ಆ ನಿಯಮದಲ್ಲಿ ಭತ್ತದ ಗದ್ದೆ ಜೌಗು ಭೂಮಿ ಲೆಕ್ಕಕ್ಕೇ ಬರೂದಿಲ್ಲ. ಇನ್ನೊಂದು ಕಡೆ, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಒಳಗೆ ಬರೋ ಜಾಗಕ್ಕೆ ಆ ನಿಯಮ ಹತ್ತೂದಿಲ್ಲ. ಮತ್ತೊಂದು ಕಡೆ, ಕಾಂಡ್ಲಾ ಫಾರೆಸ್ಟ್ ಜಾಗದಲ್ಲಿದ್ರೆ ನಮ್ದು, ಮಾಲ್ಕಿಲಿ ಇದ್ರೆ ಕಂದಾಯದವ್ರನ್ನ ಕೇಳಿ. ಸಿಟ್ಟು ಬರೂದು ಎಲ್ಲಿ ಅಂದ್ರೆ ಮೊದಲಿನ ಎರಡೂ ಮಾತು ಸುಳ್ಳಲ್ಲ, 2017ರ ನಿಯಮದಲ್ಲಿ ಹಾಗೇ ಇದೆ. ಆದ್ರೆ ಸಿಆರ್‌ಝಡ್ ಅಂತ ಗೊತ್ತಿದ್ದವ್ರು "ಹಾಗಾದ್ರೆ ಸಿಆರ್‌ಝಡ್ ಪ್ರಕಾರ ಅರ್ಜಿ ಕೊಡಿ, ಇಂಥವ್ರಿಗೆ ಕೊಡಿ" ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ? ಯಾರೂ ಹೇಳ್ಲಿಲ್ಲ. ಹಿಂಬರಹ (ಬರವಣಿಗೆಲಿ ಉತ್ತರ) ಕೊಡಿ ಅಂದ್ರೆ "ಸಾಹೇಬ್ರು ಮೀಟಿಂಗಲ್ಲಿ ಇದ್ದಾರೆ".

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ಪಂಚಾಯ್ತಿಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಒಂದು ಇರ್ತದೆ, ಬಿಎಂಸಿ ಅಂತಾರೆ, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿ, ಪಟ್ಟಣ ಪಂಚಾಯ್ತಿ, ಪುರಸಭೆಲಿ ಇರ್ಲೇಬೇಕು. ಊರಿನ ಗಿಡ, ಮೀನು, ಭತ್ತದ ತಳಿ ಎಲ್ಲಾ ದಾಖಲೆ ಮಾಡ್ಬೇಕು, ಕಾಪಾಡೂದು ಹೇಗೆ ಹೇಳಿ ಸಲಹೆ ಕೊಡ್ಬೇಕು. ಐಡಿಯಾ ಒಳ್ಳೇದೇ. ಆದ್ರೆ 2019ರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಚಾಟಿ ಬೀಸಿತು, 2020ರ ಜನವರಿ 31ರೊಳಗೆ ಎಲ್ಲಾ ಕಡೆ ಸಮಿತಿ ಮಾಡ್ಬೇಕು, ಇಲ್ಲಾಂದ್ರೆ ರಾಜ್ಯ ತಿಂಗಳಿಗೆ 10 ಲಕ್ಷ ಕಟ್ಬೇಕು ಅಂತ. ಆಮೇಲೆ ಕೇಳ್ಬೇಕಾ, ಗಡಿಬಿಡಿಲಿ ಕೈಗೆ ಸಿಕ್ಕಿದ ಹೆಸರು ಬರ್ದು ಎಷ್ಟೋ ಕಡೆ ಸಮಿತಿ ಕಾಗದದ ಮೇಲೆ ಹುಟ್ಟಿತು. ಮಹಿಳೆಯರು ಮೂರರಲ್ಲಿ ಒಂದು ಭಾಗ ಇರ್ಬೇಕಲ್ಲ, ಹಾಗೆ ನಮ್ಮ ಚಿಕ್ಕಿ (ಚಿಕ್ಕಮ್ಮ) ಹೆಸರೂ ಸೇರಿತ್ತು. ಚಿಕ್ಕಿ ಇಳಿತಕ್ಕೆ ಹೊಳೆಗೆ ಹೋಗಿ ಬಳಚು ತೆಗೆದು ಕುಮಟಾ ಪೇಟೆಲಿ ಮಾರೋರು. ತಾನು ಸಮಿತಿ ಮೆಂಬರ್ ಅಂತ ಅವ್ರಿಗೇ ಗೊತ್ತಿಲ್ಲ!

ನಮಗೆ ಗೊತ್ತಾಗಿದ್ದು ಆರ್‌ಟಿಐ ಹಾಕಿದ ಮೇಲೆ. ಮಣ್ಣು ಹಾಕಿದ ಜಾಗದ ಫೈಲು ಕೇಳಿದ್ದಕ್ಕೆ ಅದರೊಳಗೆ ಬಿಎಂಸಿ ನಿರ್ಣಯ ಅಂತ ಒಂದು ಝೆರಾಕ್ಸ್ ಬಂತು: ಸದರಿ ಜಾಗವನ್ನು ಸಮಿತಿಯು ಪರಿಶೀಲಿಸಲಾಗಿ ಯಾವುದೇ ಕಾಂಡ್ಲಾ ಗಿಡಗಳು ಕಂಡುಬಂದಿರುವುದಿಲ್ಲ. ಅದರ ಹಿಂದೆ ಸಹಿ ಇರೋ ಹಾಳೆ ಪಿನ್ ಹೊಡೆದಿದ್ರು. ಚಿಕ್ಕಿ ಸಹಿ ಅವರದ್ದೇ, ಫೋರ್ಜರಿ ಎಂತ ಅಲ್ಲ. ನಾನು ಹಾಳೆಯನ್ನ ಎರಡು ಮೂರು ಸಲ ನೋಡಿದೆ. ಕ್ರಮ ಸಂಖ್ಯೆ, ಹೆಸರು, ಮೊಬೈಲು, ಸಹಿ, ಕೊನೇ ಕಾಲಂ ಝೆರಾಕ್ಸಲ್ಲಿ ಅರ್ಧ ಕಟ್ ಆಗಿತ್ತು, ಆದ್ರೂ ಓದೂಕಾಗ್ತದೆ: "ಚಾ-ತಿಂಡಿ". ಚಿಕ್ಕಿ ಹೆಸರಿನ ಎದುರು ರೈಟ್ ಮಾರ್ಕೂ ಇತ್ತು. ಜಾಗ ಪರಿಶೀಲನೆ ಮಾಡಿದ ಸಮಿತಿಗೆ ತಿಂಡಿ ಟಿಕ್ ಎಂತಕ್ಕೆ ಮಾರಾಯ್ರೆ?

ಚಿಕ್ಕಿಗೆ ತೋರ್ಸಿದೆ, ಆಗ ನೆನಪಾಯ್ತು. ಫೆಬ್ರವರಿ 2, ವಿಶ್ವ ಜೌಗು ಭೂಮಿ ದಿನ ಅಂತ ಶಾಲೆ ಹಾಲಲ್ಲಿ ಕಾರ್ಯಕ್ರಮ ಇತ್ತಂತೆ, ಕಾಂಡ್ಲಾ ಉಳಿಸಿ ಅಂತ ಭಾಷಣ, ಸಂಘದ ಹೆಂಗಸರನ್ನೆಲ್ಲಾ ಕರ್ಕೊಂಡು ಹೋಗಿದ್ರು. "ಒಂದು ಹಾಳೆ ಕೊಟ್ರು, ಮೇಲೆ ಎಂತದೂ ಬರ್ದಿರ್ಲಿಲ್ಲ ತಮಾ, ಸಹಿ ಹಾಕಿದ್ರೆ ಉಪ್ಪಿಟ್ಟು ಅಂದ್ರು" ಅಂದ್ರು. ಕಾಂಡ್ಲಾ ಉಳಿಸೋ ಕಾರ್ಯಕ್ರಮದ ಹಾಜರಿ, ಕಾಂಡ್ಲಾ ಇಲ್ಲ ಅನ್ನೋದಕ್ಕೆ ಸಾಕ್ಷಿ.

ಇದನ್ನ ಕೇಳೂಕೆ ಹೋದ್ರೆ ಉಲ್ಟಾ ಚಿಕ್ಕಿಗೇ ಹೆದರ್ಸಿದ್ರು, ಸಹಿ ನಿಮ್ಮದೇ ಅಲ್ವಾ, ಮೆಂಬರ್ ನೀವೇ ಅಲ್ವಾ, ಕೇಸಾದ್ರೆ ಮೊದ್ಲು ನಿಮ್ಮನ್ನೇ ಕರೀತಾರೆ ಅಂತ. ಪಾಪ ಅವ್ರು ಸುಮಾರು ದಿನ ಹೊಳೆಗೇ ಹೋಗ್ಲಿಲ್ಲ. ಕಡೆಗೆ ಒಬ್ರು ವಕೀಲ್ರ ಹತ್ರ ಕೂತು ಬರ್ಸಿ, ಈ ನಿರ್ಣಯದ ಸಭೆಗೆ ನಾನು ಹೋಗಿಲ್ಲ, ಸಹಿ ಬೇರೆ ಕಾರ್ಯಕ್ರಮದ್ದು ಅಂತ ಅಫಿಡವಿಟ್ ಮಾಡಿಸಿ, ಪಂಚಾಯ್ತಿಗೂ ಡಿಸಿ ಆಫೀಸಿಗೂ ರಿಜಿಸ್ಟರ್ ಪೋಸ್ಟಲ್ಲಿ ಕಳಿಸಿದ್ವಿ. ನಿಮ್ಮ ಮನೆಯವ್ರಿಗೆ ಹೀಗಾದ್ರೆ ಮೊದ್ಲು ಇದನ್ನ ಮಾಡಿ, ಜಗಳ ಆಮೇಲೆ. ಇನ್ನೊಂದು, ಬಿಎಂಸಿ ಠರಾವು ಮಾಡಿದ್ರೂ ಅದು ಮಣ್ಣು ಹಾಕೂಕೆ ಪರ್ಮಿಷನ್ ಅಲ್ಲ, ಸಮಿತಿಗೆ ಆ ಅಧಿಕಾರವೇ ಇಲ್ಲ. ಗದ್ದೆಯನ್ನ ಸೈಟ್ ಮಾಡ್ಬೇಕಿದ್ರೆ ಭೂ ಪರಿವರ್ತನೆ ಆದೇಶ, ಅಂದ್ರೆ ಎನ್‌ಎ ಬೇಕು, ಸಿಆರ್‌ಝಡ್ ಒಳಗಾದ್ರೆ ಅದರ ಪರ್ಮಿಷನ್ ಬೇರೆ.

ಅರ್ಜಿ ಹೇಗೆ ಬರೀಬೇಕಿತ್ತು ಅಂತ ವಕೀಲ್ರು ಹೇಳಿದ್ದನ್ನ ಇಲ್ಲಿ ಹಾಕ್ತೇನೆ. ರಾಮ್ಸಾರ್ ಅಂತ ಬೇಕಾದ್ರೆ ಕೊನೆಗೆ ಒಂದು ಸಾಲು ಬರೀರಿ, ತಲೆಗೆ ಹಾಕ್ಬೇಕಾದ್ದು ಸಿಆರ್‌ಝಡ್ ಅಧಿಸೂಚನೆ. ಅದರಲ್ಲಿ ಕಾಂಡ್ಲಾ ಇರೋ ಜಾಗ 1ಎ ವರ್ಗ, ಅಂದ್ರೆ ಅತಿ ಸೂಕ್ಷ್ಮ ಜಾಗ, ಕಾಂಡ್ಲಾ 1000 ಚದರ ಮೀಟರಿಗಿಂತ ಜಾಸ್ತಿ ಇದ್ರೆ ಸುತ್ತ 50 ಮೀಟರ್ ಕೂಡ ಅದರೊಳಗೇ ಬರ್ತದೆ. ಮಾಲ್ಕಿಲಿ ಇರೋ ಕಾಂಡ್ಲಾಕ್ಕೆ ಆ 50 ಮೀಟರ್ ಇಲ್ಲ, ಆದ್ರೆ ಕಾಂಡ್ಲಾ ನಿಂತ ಜಾಗ ಮಾಲ್ಕಿ ಅಂದ ಕೂಡ್ಲೇ ಬಿಟ್ಟು ಹೋಗೂದಿಲ್ಲ. ಕೊಡ್ಬೇಕಾದ್ದು ಡಿಸಿ ಅಧ್ಯಕ್ಷರಾಗಿರೋ ಜಿಲ್ಲಾ ಮಟ್ಟದ ಕರಾವಳಿ ವಲಯ ಸಮಿತಿಗೆ, ಪ್ರತಿ ಬೆಂಗಳೂರಿನ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೆ. ಆ ಜಿಲ್ಲಾ ಸಮಿತಿಲಿ ಮೀನುಗಾರರೂ ಸೇರಿ ಸ್ಥಳೀಯ ಕರಾವಳಿ ಸಮುದಾಯದವ್ರು ಕಮ್ಮಿ ಅಂದ್ರೂ 3 ಜನ ಇರ್ಬೇಕು ಅಂತ ನಿಯಮ ಇದೆ, ಅವ್ರು ಯಾರು ಹೇಳಿ ಕೇಳಿ, ಸಿಕ್ಕಿದ್ರೆ ಅವರ ಕೈಯಲ್ಲೂ ಒಂದು ಕಾಪಿ ಕೊಡಿ. ಸರ್ವೆ ನಂಬರ್, ಪಹಣಿ, ಫೋಟೋ ಬೇಕು. ಫೋಟೋ ಇಳಿತದಲ್ಲೂ ತೆಗೀರಿ, ಉಬ್ಬರದಲ್ಲೂ ತೆಗೀರಿ, ನೀರು ಬರೂದೇ ಇಲ್ಲ ಅಂತ ವಾದ ಮಾಡೂಕೆ ಬಿಡ್ಬಾರ್ದು. ಆರ್‌ಟಿಐಗೆ 10 ರೂಪಾಯಿ, ಒಂದೇ ವಿಷಯ, 150 ಶಬ್ದದೊಳಗೆ ಮುಗಿಸಿ, ಉದ್ದ ಬರ್ದ್ರೆ ಅದೇ ನೆಪ ಮಾಡಿ ವಾಪಸ್ ಕಳಿಸ್ತಾರೆ.

ಎಲ್ಲಕ್ಕಿಂತ ಹೆಚ್ಚು ಹೊಡೆತ ಬಿದ್ದದ್ದು ದಿನದ ಲೆಕ್ಕದಲ್ಲಿ. ಎನ್‌ಜಿಟಿಗೆ ಹೋಗೂದಾದ್ರೆ ತಕರಾರು ಹುಟ್ಟಿದ ದಿನದಿಂದ 6 ತಿಂಗಳು, ತಕ್ಕ ಕಾರಣ ತೋರ್ಸಿದ್ರೆ ಮೇಲೆ 60 ದಿನ, ಅಷ್ಟೇ. ಆಫೀಸಿಂದ ಆಫೀಸಿಗೆ ಓಡಾಡ್ಸಿದ್ದು ಬರೀ ಉದಾಸೀನವೋ, ಆ ದಿನ ಕಳೀಲಿ ಅಂತಲೋ, ನೀವೇ ಯೋಚ್ನೆ ಮಾಡಿ, ನನ್ನ ಅಭಿಪ್ರಾಯ ಇಲ್ಲಿ ಬರ್ದ್ರೆ ನೋಟೀಸ್ ಬರ್ತದೆ. ಜಾಗವನ್ನ ಮೊದಲಿನ ಸ್ಥಿತಿಗೆ ತನ್ನಿ ಅಂತ ಕೇಳೂಕೆ 5 ವರ್ಷ ಟೈಮ್ ಇದೆ, ಈಗ ಆ ದಾರಿಲಿ ಹೋಗ್ತಾ ಇದ್ದೇವೆ. ನೀವು ಮಾತ್ರ ಮೊದಲ ಟಿಪ್ಪರ್ ಬಂದ ದಿನವೇ ತಾರೀಕು ಬರ್ದಿಟ್ಕೊಳ್ಳಿ.

ಸದ್ಯ ಮಣ್ಣು ಅಲ್ಲೇ ಇದೆ, ಟಿಪ್ಪರ್ ಬರೂದು ನಿಂತಿದೆ. ಈ ಬದಿ "ಹೊಳೆ ಪಕ್ಕ ಸೈಟು, ಹೋಂಸ್ಟೇಗೆ ಹೇಳಿ ಮಾಡ್ಸಿದ್ದು" ಅಂತ ಯಾರಾದ್ರೂ ಕೆಂಪು ಮಣ್ಣಿನ ಜಾಗ ತೋರ್ಸಿದ್ರೆ, ಬೆಂಗಳೂರು-ಹುಬ್ಬಳ್ಳಿಯವ್ರಿಗೆ ಮುಖ್ಯವಾಗಿ ಹೇಳ್ತಿದ್ದೇನೆ, ಎನ್‌ಎ ಆದೇಶ ಮತ್ತೆ ಸಿಆರ್‌ಝಡ್ ನಕ್ಷೆ ನೋಡದೆ ಅಡ್ವಾನ್ಸ್ ಕೊಡ್ಬೇಡಿ. ಅರ್ಜಿ ನಮೂನೆ ಬೇಕಾದವ್ರು ಕೇಳಿ, ಕಳಿಸ್ತೇನೆ, ಸರ್ವೆ ನಂಬರ್ ಮಾತ್ರ ನಿಮ್ಮದೇ ಹಾಕ್ಕೊಳ್ಳಿ, ಮೊನ್ನೆ ಒಬ್ಬ ಪುಣ್ಯಾತ್ಮ ನನ್ನ ಗಜನಿ ನಂಬರನ್ನೇ ಇಟ್ಟು ಡಿಸಿ ಆಫೀಸಿಗೆ ಕಳಿಸಿದ್ದಾನೆ.