ಹಾಸ್ಟೆಲ್ ಕೋಣೆಯಲ್ಲಿ ಕನ್ನಡ ಪಂಕ್: ರೀಪರ್ ತಂತ್ರಾಂಶದ ವಿಮರ್ಶೆ

ಓದುತ್ತಿರುವಾಗಲೇ ಸ್ವಂತ ಹಾಡೊಂದನ್ನು ಬರೆದು, ಧ್ವನಿಮುದ್ರಿಸಿ, ಮಿಕ್ಸಿಂಗ್ (ಮುದ್ರಿಸಿದ ದನಿಗಳನ್ನು ಹದವಾಗಿ ಬೆರೆಸುವುದು) ಮುಗಿಸಿ ಹೊರತರಬೇಕು ಎನ್ನುವವರಿಗೆ ರೀಪರ್‌ಗಿಂತ ಚೆನ್ನಾಗಿ ಒದಗಿಬರುವ ತಂತ್ರಾಂಶವನ್ನು ನಾನು ಕಂಡಿಲ್ಲ; ಆ ಹಾಡು ಪಂಕ್, ಅಂದರೆ ವೇಗದ, ಒರಟಾದ, ಬಂಡಾಯದ ರಾಕ್ ಆಗಿದ್ದರಂತೂ ಈ ಮಾತನ್ನು ಇನ್ನಷ್ಟು ಗಟ್ಟಿಯಾಗಿ ಹೇಳುತ್ತೇನೆ. ಮೈಸೂರಿನ ನಮ್ಮ ಹಾಸ್ಟೆಲ್ ಕೋಣೆಯಲ್ಲಿ ಹಳೆಯ ಲ್ಯಾಪ್‌ಟಾಪ್, ಎರಡು ಇನ್‌ಪುಟ್‌ಗಳ ಆಡಿಯೋ ಇಂಟರ್‌ಫೇಸ್ (ಮೈಕ್, ಗಿಟಾರ್‌ಗಳ ದನಿಯನ್ನು ಕಂಪ್ಯೂಟರಿಗೆ ಒಯ್ಯುವ ಪೆಟ್ಟಿಗೆ), ಶೂರ್ ಕಂಪನಿಯ ಒಂದು ಎಸ್‌ಎಂ57 ಮೈಕ್ ಮತ್ತು ಎರವಲು ತಂದ ಗಿಟಾರ್, ಇಷ್ಟನ್ನು ಇಟ್ಟುಕೊಂಡು ಎರಡು ನಿಮಿಷದ ಕನ್ನಡ ಪಂಕ್ ಹಾಡೊಂದನ್ನು ಮಾಡಿದೆವು. ಸಾಹಿತ್ಯದ ಮೊದಲ ಸಾಲಿನಿಂದ ಕೊನೆಯ ಕಡತ ಹೊರಬರುವವರೆಗೆ ರೀಪರ್ ಎಲ್ಲಿ ಕೈಹಿಡಿಯಿತು, ಎಲ್ಲಿ ಸತಾಯಿಸಿತು ಎಂಬುದನ್ನು ಇಲ್ಲಿ ದಾಖಲಿಸಿದ್ದೇನೆ.

ರೀಪರ್ ಅನ್ನು ತಯಾರಿಸುತ್ತಿರುವುದು ಅಮೆರಿಕದ ಕಾಕೋಸ್ ಎಂಬ ಪುಟ್ಟ ಸಂಸ್ಥೆ. ಅದನ್ನು ಕಟ್ಟಿದ ಜಸ್ಟಿನ್ ಫ್ರಾಂಕೆಲ್ ಅವರೇ ಹಿಂದೆ ವಿನ್‌ಆಂಪ್ ಎಂಬ ಜನಪ್ರಿಯ ಪ್ಲೇಯರ್ ಅನ್ನು ರೂಪಿಸಿದವರು. 2006ರಲ್ಲಿ 1.0 ಆವೃತ್ತಿ ಬಂದಿತು, ಏಳನೆಯ ಆವೃತ್ತಿ 2023ರಲ್ಲಿ ಬಿಡುಗಡೆಯಾಯಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದು ನಡೆಯುತ್ತದೆ. ವಿಂಡೋಸ್‌ಗೆ ಇಳಿಸಿಕೊಳ್ಳಬೇಕಾದ ಕಡತ 20 ಮೆಗಾಬೈಟಿನ ಆಸುಪಾಸಿನದು, ಆದ್ದರಿಂದ ಹಾಸ್ಟೆಲ್ಲಿನ ಮಂದಗತಿಯ ವೈಫೈಯಲ್ಲೂ ಇದಕ್ಕಾಗಿ ಕಾಯಬೇಕಿಲ್ಲ. ಮೊದಲ 60 ದಿನ ಯಾವ ಸೌಲಭ್ಯವನ್ನೂ ಕಡಿತ ಮಾಡದೆ ಉಚಿತವಾಗಿ ಬಳಸಲು ಕೊಡುತ್ತಾರೆ. ಆಮೇಲೆ ವೈಯಕ್ತಿಕ ಬಳಕೆಗೆ 60 ಡಾಲರ್, ಅಂದರೆ ಸುಮಾರು ಐದು ಸಾವಿರ ರೂಪಾಯಿ ಕೊಟ್ಟು ಪರವಾನಗಿ ಪಡೆಯಬೇಕು. ದೊಡ್ಡ ವ್ಯಾಪಾರಿ ಬಳಕೆಗೆ 225 ಡಾಲರ್ ಇದೆಯಾದರೂ ಎರಡರಲ್ಲೂ ಸಿಗುವ ತಂತ್ರಾಂಶ ಒಂದೇ. ಕಡಿಮೆ ಹಣ ಕೊಟ್ಟವರಿಗೆ ಟ್ರ್ಯಾಕ್‌ಗಳ (ಒಂದೊಂದು ದನಿಗೂ ಇರುವ ಪ್ರತ್ಯೇಕ ಸಾಲು) ಸಂಖ್ಯೆಯನ್ನು ಮಿತಿಗೊಳಿಸುವ, ಮುಖ್ಯವಾದ ಸೌಲಭ್ಯಗಳಿಗೆ ಬೀಗ ಹಾಕುವ ಪದ್ಧತಿ ಇಲ್ಲಿಲ್ಲ. ನನ್ನ ಮಟ್ಟಿಗೆ ಇದು ವಿದ್ಯಾರ್ಥಿಯನ್ನು ಗೌರವದಿಂದ ಕಾಣುವ ಕ್ರಮ. ಅವಧಿ ಮುಗಿದ ಮೇಲೆ ನಾವೆಲ್ಲ ಹಣ ಕೂಡಿಸಿ ಪರವಾನಗಿ ಕೊಂಡಿದ್ದಕ್ಕೂ ಅದೇ ಕಾರಣ.

ಪಂಕ್ ಸಂಗೀತಕ್ಕೂ ಅಗ್ಗದ ಸಾಧನಗಳಿಗೂ ಇರುವ ನಂಟು ಹಳೆಯದು. 1976ರಲ್ಲಿ ಬಂದ ರಮೋನ್ಸ್ ತಂಡದ ಮೊದಲ ಆಲ್ಬಂನ 14 ಹಾಡುಗಳು ಅರ್ಧ ಗಂಟೆಯೊಳಗೆ ಮುಗಿಯುತ್ತವೆ. ಅದರ ಮುದ್ರಣಕ್ಕೆ ತಗುಲಿದ್ದು ಸುಮಾರು 6,400 ಡಾಲರ್, ಅಂದಿನ ರಾಕ್ ಆಲ್ಬಂಗಳ ಲೆಕ್ಕದಲ್ಲಿ ತೀರಾ ಸಣ್ಣ ಮೊತ್ತ. ಮ್ಯಾಂಚೆಸ್ಟರಿನ ಬಝ್‌ಕಾಕ್ಸ್ ತಂಡ 1977ರ ಜನವರಿಯಲ್ಲಿ ಸಾಲದ ಹಣದಿಂದ ತಾನೇ ಹೊರತಂದ ನಾಲ್ಕು ಹಾಡುಗಳ ಗ್ರಾಮಫೋನ್ ತಟ್ಟೆಯ ಹೊದಿಕೆಯ ಮೇಲೆ ಪ್ರತಿ ಹಾಡು ಎಷ್ಟನೆಯ ಟೇಕ್ (ನುಡಿಸಿ ಮುದ್ರಿಸಿದ ಸಲ) ಎಂಬುದನ್ನೂ ಅಚ್ಚು ಹಾಕಿಸಿತ್ತು: ಇದನ್ನು ಮಾಡಿದ್ದು ಹೀಗೆ, ನೀವೂ ಮಾಡಬಹುದು ಎಂಬ ಬಹಿರಂಗ ಆಹ್ವಾನ ಅದು. ಅದೇ ದಶಕದಲ್ಲಿ ನಮ್ಮಲ್ಲಿ ದಲಿತ ಮತ್ತು ಬಂಡಾಯ ಚಳವಳಿಗಳ ಹೋರಾಟದ ಹಾಡುಗಳು ತಮಟೆಯೊಂದರ ಬೆಂಬಲದಲ್ಲಿ ಬೀದಿ ಬೀದಿಗಳಲ್ಲಿ ಮೊಳಗಿದವು. ಇವೆರಡಕ್ಕೂ ಪರಸ್ಪರ ಪರಿಚಯವಿರಲಿಲ್ಲ, ನಿಜ. ಆದರೆ ಕನ್ನಡದಲ್ಲಿ ಪಂಕ್ ಬರೆಯಲು ಕೂತವರಿಗೆ ಎರಡೂ ಹಿರಿಯ ಮನೆಗಳೇ ಎಂದು ನಾನು ನಂಬಿದ್ದೇನೆ. ನಮ್ಮ ಹಾಡಿನ ಪಲ್ಲವಿಗೆ ತಮಟೆ ಬಂದದ್ದು ಆ ನಂಬಿಕೆಯಿಂದ.

ಹಾಡಿನ ವಸ್ತು ಶುಲ್ಕ ಕಟ್ಟುವ ಸಾಲು ಮತ್ತು ಶಿಕ್ಷಣ ಸಾಲ. ಪಂಕ್‌ನ ವೇಗದಲ್ಲಿ ಕನ್ನಡ ಬರೆಯುವಾಗ ಎದುರಾಗುವ ಮೊದಲ ತೊಡಕೆಂದರೆ ಗ್ರಂಥಸ್ಥ ರೂಪಗಳು ಉದ್ದ, ಹೆಚ್ಚಿನವು ಸ್ವರದಲ್ಲೇ ಮುಗಿಯುತ್ತವೆ. ನಿಮಿಷಕ್ಕೆ 180 ಬೀಟ್‌ಗಳ ವೇಗದಲ್ಲಿ ನಾಲ್ಕು ಬೀಟ್‌ಗಳ ಒಂದು ಆವರ್ತ ಕೇವಲ 1.33 ಸೆಕೆಂಡಿನದು. ‘ಸಾಲಿನಲ್ಲಿ ನಿಂತೆವು, ಸಾಲವನ್ನು ತಂದೆವು’ ಎಂದು ಬರೆದರೆ ಒಂದೊಂದು ತುಂಡಿಗೂ ಏಳೇಳು ಅಕ್ಷರಗಳಾಗಿ ಹಾಡುವವರ ಉಸಿರು ಕಟ್ಟುತ್ತದೆ. ಅದನ್ನೇ ನಾವು ಮಾತಾಡುವ ಹಾಗೆ ‘ಸಾಲಲ್ ನಿಂತ್ವಿ, ಸಾಲ ತಂದ್ವಿ’ ಎಂದರೆ ಬೀಟಿಗೊಂದು ಪೆಟ್ಟಿನಂತೆ ನಾಲ್ಕು ನಾಲ್ಕಕ್ಕೆ ಕೂರುತ್ತದೆ, ಮುಂದೆ ‘ಸಾಕು! ಸಾಕು!’ ಎಂದು ಎಲ್ಲರೂ ಒಟ್ಟಿಗೆ ಕೂಗಲು ಜಾಗ ಉಳಿಯುತ್ತದೆ. ಈ ಹಂತದಲ್ಲೇ ರೀಪರ್ ಉಪಯೋಗಕ್ಕೆ ಬಂದಿತು. ಟೈಮ್‌ಲೈನಿನ ಮೇಲೆ ಖಾಲಿ ಐಟಂಗಳನ್ನು (ದನಿಯ ತುಣುಕು ಕೂರುವ ಚೌಕಗಳು) ಇಟ್ಟು ಅವುಗಳ ಟಿಪ್ಪಣಿಯಲ್ಲಿ ಸಾಹಿತ್ಯದ ಸಾಲುಗಳನ್ನು ಬರೆದುಕೊಳ್ಳಬಹುದು. ಶ್ರುತಿ ಕದಲದಂತೆ ಇಡೀ ಹಾಡಿನ ವೇಗವನ್ನು ಏರಿಸಿ ಇಳಿಸುವ ಗುಂಡಿಯೂ ಕೆಳಪಟ್ಟಿಯಲ್ಲೇ ಇದೆ. ಕಚ್ಚಾ ಮುದ್ರಿಕೆಯೊಂದನ್ನು ಹಾಕಿಕೊಂಡು ಯಾವ ವೇಗದವರೆಗೆ ಪದಗಳು ಬಿಡಿಬಿಡಿಯಾಗಿ ಕೇಳುತ್ತವೆ ಎಂದು ಪರೀಕ್ಷಿಸಿಯೇ ನಾವು ಗತಿಯನ್ನು ನಿಗದಿ ಮಾಡಿದೆವು.

ರಾಗದ ಕಡೆ ಹೇಳುವುದು ಹೆಚ್ಚೇನಿಲ್ಲ, ಮೂರು ಪವರ್ ಕಾರ್ಡ್‌ಗಳು ಸಾಕಾದವು. ಪವರ್ ಕಾರ್ಡ್ ಎಂದರೆ ಷಡ್ಜ ಮತ್ತು ಪಂಚಮ ಮಾತ್ರ. ಗಾಂಧಾರವಿಲ್ಲದ ಕಾರಣ ಡಿಸ್ಟಾರ್ಷನ್ (ಗಿಟಾರಿನ ದನಿಯನ್ನು ಒರಟಾಗಿಸುವ ಪರಿಣಾಮ) ಎಷ್ಟೇ ಏರಿಸಿದರೂ ನಾದ ಕಲಸಿಹೋಗುವುದಿಲ್ಲ. ತಂಬೂರಿಯ ಶ್ರುತಿಯಲ್ಲಿ ಬೆಳೆದ ಕಿವಿಗೆ ಅದು ಅಪರಿಚಿತವೂ ಅಲ್ಲ.

ಧ್ವನಿಮುದ್ರಣದಲ್ಲಿ ರೀಪರ್‌ನ ದೊಡ್ಡ ಗುಣ ಅದರ ಹಗುರತೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಬಫರ್ ಅನ್ನು (ಕಂಪ್ಯೂಟರ್ ಒಂದು ಸಲಕ್ಕೆ ಕೈಗೆತ್ತಿಕೊಳ್ಳುವ ದನಿಯ ತುಣುಕು; ಇದು ಚಿಕ್ಕದಾದಷ್ಟೂ ವಿಳಂಬ ಕಡಿಮೆ) 128 ಸ್ಯಾಂಪಲ್‌ಗಳಿಗೆ ಇಳಿಸಿದರೂ ಅದು ಮುಗ್ಗರಿಸಲಿಲ್ಲ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಎಂದರೆ ಮೂರು ಮಿಲಿಸೆಕೆಂಡಿಗಿಂತ ಕಡಿಮೆ. ಇಂಟರ್‌ಫೇಸಿನ ಡ್ರೈವರ್ ತಂತ್ರಾಂಶದ ವಿಳಂಬವನ್ನು ಸೇರಿಸಿಕೊಂಡರೂ ತಂತಿ ಮೀಟಿದ ಕೂಡಲೇ ಹೆಡ್‌ಫೋನಿನಲ್ಲಿ ಸದ್ದು ಕೇಳಿದಂತೆಯೇ ಆಗುತ್ತದೆ. ಗಿಟಾರ್ ಅನ್ನು ನೇರವಾಗಿ ಇಂಟರ್‌ಫೇಸಿಗೆ ಚುಚ್ಚಿ, ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ ಪ್ಲಗಿನ್ (ರೀಪರ್‌ನೊಳಗೆ ಸೇರಿಕೊಂಡು ಕೆಲಸ ಮಾಡುವ ಪುಟ್ಟ ತಂತ್ರಾಂಶ) ಮೂಲಕ ಆಂಪ್ಲಿಫೈಯರ್‌ನ ನಾದ ಪಡೆದೆವು. ಒಂದೇ ಭಾಗವನ್ನು ಎರಡು ಸಲ ಬೇರೆ ಬೇರೆಯಾಗಿ ನುಡಿಸಿ ಎಡಕ್ಕೊಂದು, ಬಲಕ್ಕೊಂದು ಹಾಕಿದಾಗ ಗಿಟಾರಿನ ಗೋಡೆ ಎದ್ದು ನಿಲ್ಲುತ್ತದೆ. ಒಂದನ್ನೇ ನಕಲು ಮಾಡಿ ಎರಡೂ ಕಡೆ ಇಟ್ಟರೆ ಆ ಅಗಲ ಬರುವುದಿಲ್ಲ, ಏಕೆಂದರೆ ಎರಡು ಕೈಮೀಟಿನ ನಡುವಿನ ಸೂಕ್ಷ್ಮ ವ್ಯತ್ಯಾಸವೇ ಕಿವಿಗೆ ಅಗಲವಾಗಿ ಕೇಳುವುದು. ಡ್ರಮ್ಸ್ ಅನ್ನು ಮಿಡಿ ಎಡಿಟರಿನಲ್ಲಿ, ಅಂದರೆ ಯಾವ ಪೆಟ್ಟು ಯಾವಾಗ ಬೀಳಬೇಕೆಂದು ಗುರುತಿಸಿ ಕಂಪ್ಯೂಟರಿನಿಂದಲೇ ನುಡಿಸುವ ಕಡೆ, ಬರೆದೆವು. ಅದರಲ್ಲಿರುವ ಹ್ಯೂಮನೈಸ್ ಸೌಲಭ್ಯ ಪ್ರತಿ ಪೆಟ್ಟಿನ ಸಮಯವನ್ನೂ ಬಲವನ್ನೂ ಚೂರು ಚೂರು ಕದಲಿಸಿ ಯಂತ್ರದ ವಾಸನೆಯನ್ನು ತಗ್ಗಿಸುತ್ತದೆ.

ತಮಟೆಯ ಮುದ್ರಣವನ್ನು ತುಸು ವಿವರವಾಗಿ ಹೇಳಬೇಕು. ನುಡಿಸಿದ ಗೆಳೆಯ ಮಹಡಿಯ ಮೇಲೆ ಕಾಗದ ಹೊತ್ತಿಸಿ ಚರ್ಮವನ್ನು ಕಾಯಿಸಿಕೊಂಡು ಬಾರಿಸುತ್ತಿದ್ದ. ಕಾದ ಚರ್ಮ ಬಿಗಿದು ದನಿ ಏರುತ್ತದೆ, ಆರುತ್ತಾ ಬಂದಂತೆ ಅದೇ ದನಿ ಕೆಳಗಿಳಿಯುತ್ತದೆ. ಹೀಗಾಗಿ ಬೇರೆ ಬೇರೆ ಕಾವಿನಲ್ಲಿ ನುಡಿಸಿದ ಟೇಕ್‌ಗಳನ್ನು ಜೋಡಿಸಿದರೆ ಒಂದೇ ಪಲ್ಲವಿಯೊಳಗೆ ಎರಡು ತಮಟೆ ಇದ್ದಂತೆ ಕೇಳುತ್ತದೆ. ರೀಪರ್‌ನ ಏಳನೆಯ ಆವೃತ್ತಿ ತಂದ ಲೇನ್ ವ್ಯವಸ್ಥೆಯಲ್ಲಿ ಟೇಕ್‌ಗಳೆಲ್ಲ ಒಂದರ ಕೆಳಗೊಂದು ಸಾಲಾಗಿ ಕಾಣುತ್ತವೆ. ಬೇಕಾದ ತುಣುಕಿನ ಮೇಲೆ ಮೌಸ್ ಎಳೆದರೆ ಅದು ಅಂತಿಮ ರೂಪಕ್ಕೆ ಸೇರುತ್ತದೆ. ಒಂದೇ ಕಾವಿನ ಟೇಕ್‌ಗಳನ್ನು ಕಣ್ಣೆದುರಿಗಿಟ್ಟುಕೊಂಡು ಆರಿಸಲು, ಎಲ್ಲೋ ಒಂದೆರಡು ಕಡೆ ಮಾತ್ರ ತುಣುಕಿನ ಶ್ರುತಿಯನ್ನು ಕೂದಲೆಳೆಯಷ್ಟು ಏರಿಸಲು ಇದರಿಂದ ಸಾಧ್ಯವಾಯಿತು. ನಮ್ಮ ಜನಪದ ವಾದ್ಯಗಳನ್ನು ಮುದ್ರಿಸುವ ಯಾರಿಗಾದರೂ ಈ ಒಂದು ಸೌಲಭ್ಯಕ್ಕಾಗಿಯೇ ಏಳನೆಯ ಆವೃತ್ತಿಯನ್ನು ಶಿಫಾರಸು ಮಾಡುತ್ತೇನೆ.

ಕೋಣೆಯಲ್ಲಿ ದನಿ ಮುದ್ರಿಸುವಾಗ ಗೋಡೆಗೆ ಹಾಸಿಗೆಗಳನ್ನು ಒರಗಿಸಿ ಪ್ರತಿಧ್ವನಿಯನ್ನು ತಡೆದೆವು. ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸಿ ಕೂಗುವುದು ಯಾರಿಗೂ ಹಿತವಲ್ಲ. ನಿಧಾನ ವೇಗದಲ್ಲಿ ತಿರುಗುತ್ತಿದ್ದ ಫ್ಯಾನಿನ ಸದ್ದನ್ನು ರೀಪರ್ ಜೊತೆಗೇ ಬರುವ ರೀಎಫ್‌ಐಆರ್ ಎಂಬ ಪ್ಲಗಿನ್ ತೆಗೆದುಹಾಕಿತು. ಹಾಡಿಲ್ಲದ ಜಾಗದ ಬರೀ ಸದ್ದನ್ನು ಅದಕ್ಕೆ ಕೇಳಿಸಿದರೆ ಆ ಮಾದರಿಯನ್ನು ಗುರುತಿಟ್ಟುಕೊಂಡು ಉಳಿದೆಡೆಯೂ ಕಳೆಯುತ್ತದೆ. ಅತಿಯಾಗಿ ಬಳಸಿದರೆ ಕಂಠ ನೀರಿನೊಳಗಿನಿಂದ ಬಂದಂತಾಗುತ್ತದೆ ಎಂಬ ಎಚ್ಚರ ಇರಬೇಕು. ಮಧ್ಯೆ ಕರೆಂಟ್ ಹೋದರೂ ನಷ್ಟವಾಗದಂತೆ ಕೆಲವು ನಿಮಿಷಗಳಿಗೊಮ್ಮೆ ತಾನೇ ಪ್ರತಿ ಉಳಿಸುವ ವ್ಯವಸ್ಥೆಯೂ ಇದರಲ್ಲಿದೆ, ಅದನ್ನು ಮೊದಲ ದಿನವೇ ಚಾಲೂ ಮಾಡಿಕೊಳ್ಳುವುದು ಒಳ್ಳೆಯದು.

ಮಿಕ್ಸಿಂಗ್‌ನಲ್ಲಿ ನಾನು ಹಿಡಿದ ಗುರಿ ಒಂದೇ: ಗಿಟಾರ್ ಎಷ್ಟೇ ಅಬ್ಬರಿಸಿದರೂ ಕನ್ನಡದ ಪದಗಳು ಕೇಳಬೇಕು. ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ 2ರಿಂದ 4 ಕಿಲೋಹರ್ಟ್ಸ್‌ಗಳ ನಡುವೆ ಇರುತ್ತದೆ. ಡಿಸ್ಟಾರ್ಷನ್ ಗಿಟಾರಿನ ಕಿರುಚೂ ಅಲ್ಲೇ, ತಮಟೆಯ ಪೆಟ್ಟಿನ ಮೊನೆಯೂ ಅಲ್ಲೇ. ಆಯ್ದ ಕಂಪನಾಂಕಗಳನ್ನು ಏರಿಸಿ ಇಳಿಸುವ ರೀಇಕ್ಯೂ ಎಂಬ ರೀಪರ್‌ನದೇ ಪ್ಲಗಿನ್ ಬಳಸಿ ಎರಡೂ ಗಿಟಾರ್‌ಗಳಲ್ಲಿ 3 ಕಿಲೋಹರ್ಟ್ಸ್ ಸುತ್ತ ಮೂರು ಡೆಸಿಬೆಲ್ ತಗ್ಗಿಸಿದಾಗ ‘ನಿಂತ್ವಿ’, ‘ತಂದ್ವಿ’ಗಳ ಒತ್ತಕ್ಷರಗಳು ಒಮ್ಮೆಲೇ ಮುಂದೆ ಬಂದು ನಿಂತವು. ಕಂಠದ ದನಿಯನ್ನು ಏರಿಸುವ ಅಗತ್ಯವೇ ಬೀಳಲಿಲ್ಲ. ಗಿಟಾರಿನ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ ಆ ಜಾಗವನ್ನು ಬೇಸ್‌ಗೂ ಕಿಕ್ ಡ್ರಮ್‌ಗೂ ಬಿಟ್ಟುಕೊಟ್ಟೆವು. ಕಂಠಕ್ಕೆ ರೀಕಾಂಪ್ (ಜೋರಾದ ದನಿಯನ್ನು ತಗ್ಗಿಸಿ ಏರಿಳಿತ ಕುಗ್ಗಿಸುವ ಪ್ಲಗಿನ್) ಹಾಕಿ 4:1 ಪ್ರಮಾಣದಲ್ಲಿ, ಅಂದರೆ ಮಿತಿ ದಾಟಿದ ನಾಲ್ಕು ಡೆಸಿಬೆಲ್ ಒಂದಾಗುವಂತೆ, ಒತ್ತಿದೆವು. ತಮಟೆಗೆ ಅದೇ ಪ್ಲಗಿನ್ ಹಾಕುವಾಗ ಅಟ್ಯಾಕ್ ಅನ್ನು (ಅದು ಒತ್ತಲು ತೊಡಗುವ ವೇಗ) 20 ಮಿಲಿಸೆಕೆಂಡಿನಷ್ಟು ನಿಧಾನಗೊಳಿಸಿದರೆ ಪೆಟ್ಟಿನ ಮೊನೆ ಉಳಿದು, ಹಿಂದಿನ ಗುಂಯ್ಗುಡುವಿಕೆ ಮಾತ್ರ ಹಿಡಿತಕ್ಕೆ ಬರುತ್ತದೆ. ರಮೋನ್ಸ್‌ನ ಆ ಮೊದಲ ಆಲ್ಬಂನಲ್ಲಿ ಗಿಟಾರ್ ಒಂದು ಕಿವಿಗೆ, ಬೇಸ್ ಇನ್ನೊಂದು ಕಿವಿಗೆ, ಡ್ರಮ್ಸ್ ಮತ್ತು ಕಂಠ ನಡುವಿಗೆ ಎಂದು ಹಂಚಿರುವುದನ್ನು ಗಮನಿಸಿ ಕೇಳಿದರೆ, ಇರುವ ನಾಲ್ಕೇ ದನಿಗಳಿಗೆ ಜಾಗ ಮಾಡಿಕೊಡುವ ಕಲೆ ಅರ್ಥವಾಗುತ್ತದೆ.

ಈ ಪ್ಲಗಿನ್‌ಗಳು ನೋಡಲು ಸಪ್ಪೆ. ಬೇರೆ ಕಂಪನಿಗಳವು ಹಳೆಯ ಯಂತ್ರಗಳ ಚಿತ್ರ ತೋರಿಸಿ ಮನಸೆಳೆಯುತ್ತವೆ, ಇಲ್ಲಿ ಬೂದು ಬಣ್ಣದ ಪಟ್ಟಿಗಳಷ್ಟೇ. ಆದರೆ ಕೆಲಸದಲ್ಲಿ ಯಾವ ಕೊರತೆಯೂ ಕಾಣಲಿಲ್ಲ, ಮತ್ತು ಕಲಿಯುವವರು ಚಿತ್ರವನ್ನು ಬಿಟ್ಟು ಕಿವಿಯನ್ನು ನಂಬುವಂತೆ ಅವು ಮಾಡುತ್ತವೆ.

ನಿಜವಾದ ಕೊರತೆಗಳು ಬೇರೆ ಇವೆ. ಡ್ರಮ್ ಕಿಟ್‌ನ ನಾದಗಳಾಗಲಿ, ಮೆಚ್ಚುವಂಥ ಗಿಟಾರ್ ಆಂಪ್ ಆಗಲಿ ಇದರ ಜೊತೆ ಬರುವುದಿಲ್ಲ. ಡ್ರಮ್ಸ್‌ಗೆ ಎಂಟಿ ಪವರ್ ಡ್ರಮ್‌ಕಿಟ್ ಎಂಬ ಉಚಿತ ಪ್ಲಗಿನ್ ಅನ್ನು ಹೊರಗಿನಿಂದ ತರಬೇಕಾಯಿತು. ಆಪಲ್ ಕಂಪ್ಯೂಟರ್ ಉಳ್ಳವರಿಗೆ ಗ್ಯಾರೇಜ್‌ಬ್ಯಾಂಡ್ ಇವೆಲ್ಲವನ್ನೂ ಉಚಿತವಾಗಿಯೇ ಕೊಡುತ್ತದೆ, ಆದ್ದರಿಂದ ಅಂಥವರು ಮೊದಲ ಹಾಡಿಗೆ ರೀಪರ್ ಹುಡುಕಿಕೊಂಡು ಬರಬೇಕಾದ ತುರ್ತಿಲ್ಲ. ಎರಡನೆಯದು ಸೆಟ್ಟಿಂಗ್‌ಗಳ ಕಾಡು. ಪ್ರತಿ ಗುಂಡಿಯ ಮೇಲೂ ಬಲ ಕ್ಲಿಕ್ ಮಾಡಿದರೆ ಉದ್ದನೆಯ ಪಟ್ಟಿ ತೆರೆದುಕೊಳ್ಳುತ್ತದೆ, ಮತ್ತು ಹೊಸಬರಿಗೆ ಬೇಕಾದ ಸರಳ ಆಯ್ಕೆ ಆ ಪಟ್ಟಿಯ ನಡುವೆ ಎಲ್ಲೋ ಅಡಗಿರುತ್ತದೆ. ನೂರಾರು ಪುಟಗಳ ಕೈಪಿಡಿ ಉಚಿತವಾಗಿ ಸಿಗುತ್ತದೆ, ಅಧಿಕೃತ ಪಾಠದ ವಿಡಿಯೋಗಳೂ ಚೆನ್ನಾಗಿವೆ. ಆದರೆ ಎಲ್ಲವೂ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ನಮ್ಮ ತಂಡದ ಇಬ್ಬರಿಗೆ ಮೊದಲ ವಾರ ಪಕ್ಕದಲ್ಲಿ ಒಬ್ಬರು ಕೂತು ಹೇಳಿಕೊಡಬೇಕಾಯಿತು. ಯಾರಾದರೂ ಕನ್ನಡದಲ್ಲಿ ಅಚ್ಚುಕಟ್ಟಾದ ಪಾಠಮಾಲೆಯೊಂದನ್ನು ಮಾಡಿದರೆ ನಮ್ಮ ಊರು ಕೇರಿಗಳಿಂದ ಎಷ್ಟೋ ಹಾಡುಗಳು ಹೊರಬರಬಹುದು. ಪರವಾನಗಿಗೆ ವಿದೇಶಿ ಪಾವತಿ ಮಾಡಬಲ್ಲ ಕಾರ್ಡ್ ಬೇಕಾಗುವುದೂ ವಿದ್ಯಾರ್ಥಿಗಳಿಗೆ ಒಂದು ಅಡಚಣೆಯೇ. ನಾವು ಮನೆಯ ಹಿರಿಯರ ಕಾರ್ಡ್ ಬಳಸಿದೆವು.

ಕೊನೆಯ ಹಂತದಲ್ಲಿ, ಕಡತವನ್ನು ಹೊರತೆಗೆಯುವ ಮುನ್ನವೇ ಹಾಡಿನ ಒಟ್ಟು ಗಟ್ಟಿತನ ಎಷ್ಟು ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ; ಸೊನ್ನೆಗೆ ಹತ್ತಿರವಾದಷ್ಟೂ ಜೋರು) ಇದೆ, ಗರಿಷ್ಠ ಮಟ್ಟ ಎಲ್ಲಿ ಮುಟ್ಟುತ್ತದೆ ಎಂಬುದನ್ನು ರೀಪರ್ ಲೆಕ್ಕ ಹಾಕಿ ತೋರಿಸುತ್ತದೆ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತಂದು ಕೇಳಿಸುವುದರಿಂದ ಅದಕ್ಕಿಂತ ವಿಪರೀತ ಜೋರು ಮಾಡಿ ಲಾಭವಿಲ್ಲ. ಆದರೂ ಪಂಕ್‌ಗೆ ಒಂದಿಷ್ಟು ಒತ್ತಡ ಇರಬೇಕೆಂದು ನಾವು ಮೈನಸ್ 10ರ ಆಸುಪಾಸಿನಲ್ಲಿ ನಿಲ್ಲಿಸಿದೆವು. ಪ್ರಾಜೆಕ್ಟ್ ಉಳಿಸುವಾಗ ಎಲ್ಲ ಧ್ವನಿ ಕಡತಗಳನ್ನೂ ಒಂದೇ ಫೋಲ್ಡರಿಗೆ ನಕಲಿಸುವ ಆಯ್ಕೆಯಿದೆ. ಆ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಜೂನಿಯರ್‌ಗಳಿಗೆ ಕೊಟ್ಟಿದ್ದೇವೆ. ಅವರದು ಲಿನಕ್ಸ್ ಯಂತ್ರ. ಅದರಲ್ಲೂ ಮುದ್ರಿಸಿದ ಟ್ರ್ಯಾಕ್‌ಗಳು ಇದ್ದ ಹಾಗೆಯೇ ತೆರೆದುಕೊಂಡವು, ಮತ್ತು ಅವರು ಈಗಾಗಲೇ ನಮ್ಮ ತಮಟೆಯನ್ನು ಉಳಿಸಿಕೊಂಡು ಗಿಟಾರ್‌ಗಳನ್ನು ಬೇರೆಯಾಗಿ ನುಡಿಸತೊಡಗಿದ್ದಾರೆ.